ಪ್ಯಾರಿಸಿನ ಪಿಯಾನೋದಾಗ ದೇವಗಿರಿಯ ತಾಳ

ತಾಜಸುಲ್ತಾನಪುರದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಪಿಯಾನೋ. ಆದ್ರ ಇದರ ಒಂದು ಎಳಿ ನಮ್ಮ ಕಡೀಗೇ ಬರ್ತದ.

ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೆ ಮೆಸಿಯಾನ್ 1944ರಲ್ಲಿ ಬಾಲಯೇಸುವಿನ ಬಗ್ಗೆ 20 ಪಿಯಾನೋ ರಚನೆಗಳನ್ನು ಬರೆದರು. ಹೆಸರಿನ ಅರ್ಥ ‘ಬಾಲಯೇಸುವಿನ ಮೇಲೆ ಇಪ್ಪತ್ತು ನೋಟಗಳು’. ಒಬ್ಬರೇ ಕೂತು ಪೂರಾ ನುಡಿಸಲು ಸುಮಾರು ಎರಡು ತಾಸು ಬೇಕು. 1945ರ ಮಾರ್ಚ್‌ನಲ್ಲಿ ಇವೊನ್ ಲೊರಿಯೊ ಪ್ಯಾರಿಸಿನಲ್ಲಿ ಮೊದಲ ಸಲ ನುಡಿಸಿದರು.

ಐದನೇ ರಚನೆ ಕೇಳ್ರಿ. ಅದರಾಗ ಮೂರು ತಾಳ ಅವ: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಇವು ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ 120 ದೇಶಿ ತಾಳಗಳ ಪಟ್ಟಿಯವು. 13ನೇ ಶತಮಾನದ ಈ ಪಂಡಿತ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿದ್ದ. ರಾಜಧಾನಿ ದೇವಗಿರಿ, ಅಂದ್ರ ಇವತ್ತಿನ ಮಹಾರಾಷ್ಟ್ರದ ದೌಲತಾಬಾದ್. ನಮ್ಮ ಕಲಬುರಗಿ ಭಾಗವೂ ಆಗ ಸೇವುಣರ ಕೈಯಾಗೇ ಇತ್ತು. ಶಾರ್ಙ್ಗದೇವನ ನೌಕರಿ ಯಾವುದು ಗೊತ್ತೇನ್ರಿ? ಅರಮನೆಯ ಲೆಕ್ಕಪತ್ರ! ಬಿ.ಕಾಂ ಓದಿದ ನನಗ ಇದು ಭಾಳ ಖುಷಿ ಕೊಟ್ಟ ಸಂಗತಿ.

ಈಗ ಲೆಕ್ಕಕ್ಕೆ ಬರೋಣ. ತಬಲಾದ ತೀನ್‌ತಾಲ್ 16 ಮಾತ್ರೆ ಮುಗಿಸಿ ಮತ್ತೆ ಸಮ್‌ಗೆ ಬರ್ತದ. ಮೆಸಿಯಾನ್ ಆ ಸುತ್ತನ್ನೇ ಬಿಟ್ಟರು. ಮೂರೂ ತಾಳಗಳನ್ನು ಒಂದರ ಹಿಂದೊಂದು ಪೋಣಿಸಿ, ಅದೇ ಸರಣಿಯನ್ನು ಎರಡು ಪದರದಲ್ಲಿ ಇಟ್ಟರು. ಒಂದು ಪದರದಲ್ಲಿ 2 ಎಣಿಕೆಯ ಸ್ವರ ಇದ್ದರೆ ಇನ್ನೊಂದರಲ್ಲಿ ಅದೇ 3 ಎಣಿಕೆ, ಅಂದ್ರ ಒಂದೂವರೆ ಪಟ್ಟು. ಎರಡೂ ಕೂಡಿ ಹೊರಟು, ಬರಬರುತ್ತ ದೂರ ಸರೀತಾವ. ಕೆಳಗೆ ಮೂರನೇ ಪದರದಲ್ಲಿ ದೇವರ ಸ್ವರಗುಚ್ಛ ನಿಧಾನಕ್ಕೆ ಸಾಗ್ತದ.

‘ನಮ್ಮ ತಾಳ ಕದ್ದರು’ ಅನ್ನೋರು ಇರ್ತಾರ. ಆದ್ರ ಮೆಸಿಯಾನ್ 1944ರ ತಮ್ಮ ಪುಸ್ತಕದಲ್ಲೇ ಶಾರ್ಙ್ಗದೇವನ ಹೆಸರು ಬರೆದಾರ. ‘ಅದು ಭಾರತೀಯ ಸಂಗೀತ’ ಅನ್ನೋದೂ ಸರಿಯಲ್ಲ. ಅವರಿಗೆ ಈ ತಾಳಗಳು ಸಿಕ್ಕಿದ್ದು ಫ್ರೆಂಚ್ ಸಂಗೀತ ವಿಶ್ವಕೋಶದ ಪಟ್ಟಿಯಲ್ಲಿ, ಗುರುವಿನ ಮುಂದೆ ಕೂತಲ್ಲ. ಕಾಗದದ ಮೇಲೆ ಇದ್ದದ್ದು ಅಳತೆ ಮಾತ್ರ. ಚಪ್ಪಾಳೆ, ಬೋಲು, ಸಮ್ ಇರಲಿಲ್ಲ. ಹಂಗಂತ ನಾವೂ ಜಂಬ ಪಡೋ ಹಂಗಿಲ್ಲ. ಆ 120ರಲ್ಲಿ ಬಹುತೇಕ ತಾಳ ಇವತ್ತು ನಮ್ಮ ಕಛೇರಿಯಲ್ಲೂ ಕೇಳಸೂದಿಲ್ಲ. ಕೈಯಿಂದ ಕೈಗೆ ಬರೋದು ನಿಂತ ಮ್ಯಾಲ ಪುಸ್ತಕ ಅವನ್ನು ಉಳಿಸ್ತು, ಓದಿದವರು ತಮ್ಮ ರೀತಿಲೆ ಬಳಸಿದರು.

ಐದನೇ ರಚನೆ ಎರಡು ಸಲ ಕೇಳ್ರಿ. ಮೊದಲ ಸಲ ಕೆಳಗಿನ ನಿಧಾನ ಪದರದ ಮ್ಯಾಲ ಕಿವಿ ಇಡ್ರಿ. ಎರಡನೇ ಸಲ ಮ್ಯಾಲಿನ ಎರಡು ಪದರ ಎಲ್ಲಿ ಬ್ಯಾರೆ ಆಗ್ತಾವ ಅಂತ ಹಿಡೀರಿ.