ಮುಂಜಾನೆಯ ರೈಲಿಗೆ ಹೊರಡುವವರ ದಿನಚರಿ: ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ನಾಗರಿಕರಿಗೆ ಆರೋಗ್ಯ ಮಾಹಿತಿ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಮನೆಮನೆಯ ಬೆಳಗಿನ ವೇಳೆಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಗಣಿಯ ಪಾಳಿಯು ನಿರ್ಧರಿಸುತ್ತಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ವಿಸ್ತಾರಗೊಂಡ ಈ ಗಣಿಗಳು, ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಅಧೀನದಲ್ಲಿದ್ದಾಗ 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ತದನಂತರ ಉದ್ಯೋಗವನ್ನರಸಿ ಸಾವಿರಾರು ಮಂದಿ ಪ್ರತಿದಿನ ಬೆಂಗಳೂರಿಗೆ ಹೋಗಿಬರುವುದು ರೂಢಿಯಾಯಿತು. ಗಣಿಗಳ ಅನುಕೂಲಕ್ಕಾಗಿ 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹಾಕಲಾದ ಕವಲು ರೈಲು ಮಾರ್ಗವೇ ಇಂದು ಚಾಂಪಿಯನ್, ಊರಿಗಾಂ, ಕೋರಮಂಡಲ್ ಮುಂತಾದ ನಿಲ್ದಾಣಗಳಿಂದ ಅವರನ್ನು ನಗರಕ್ಕೆ ಒಯ್ಯುತ್ತಿದೆ. ಪಾಳಿಯ ಸ್ಥಾನದಲ್ಲಿ ಈಗ ರೈಲಿನ ವೇಳೆ ಬಂದು ನಿಂತಿದೆ.

ಆರೋಗ್ಯಕರ ದಿನಚರಿಯ ಬಗ್ಗೆ ಸಾಮಾನ್ಯವಾಗಿ ನೀಡಲಾಗುವ ಸಲಹೆಯು ‘ಬೇಗನೆ ಏಳಿ’ ಎಂಬುದರಿಂದ ಪ್ರಾರಂಭವಾಗುತ್ತದೆ. ಈ ಪ್ರದೇಶದ ಪ್ರಯಾಣಿಕರಿಗೆ ಸದರಿ ಸಲಹೆಯ ಅಗತ್ಯವಿಲ್ಲ. ಅವರು ಈಗಾಗಲೇ ನಸುಕಿಗೆ ಮುನ್ನವೇ ಎದ್ದಿರುತ್ತಾರೆ. ಅವರಿಗೆ ಕೊರತೆಯಾಗಿರುವುದು ನಿದ್ರೆ. ಆದುದರಿಂದ ಬೆಳಗಿನ ದಿನಚರಿಯನ್ನು ರೂಪಿಸುವ ಕಾರ್ಯವು ಹಿಂದಿನ ರಾತ್ರಿಯಿಂದಲೇ ಆರಂಭವಾಗಬೇಕಾಗುತ್ತದೆ.

ವೇಳೆಯ ಲೆಕ್ಕ

ವಯಸ್ಕರಿಗೆ ದಿನವೊಂದಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅವಶ್ಯಕ. ಉದಾಹರಣೆಗೆ, ಬೆಳಿಗ್ಗೆ 6 ಗಂಟೆಯ ರೈಲಿಗೆ ಹೋಗಬೇಕಾದ ವ್ಯಕ್ತಿಯು ನಿಲ್ದಾಣಕ್ಕೆ 15 ನಿಮಿಷ ನಡೆಯಬೇಕೆಂದೂ, ರೈಲು ಹೊರಡುವುದಕ್ಕೆ 10 ನಿಮಿಷ ಮುಂಚಿತವಾಗಿ ತಲುಪಬೇಕೆಂದೂ ಇಟ್ಟುಕೊಂಡರೆ, 5 ಗಂಟೆ 35 ನಿಮಿಷಕ್ಕೆ ಮನೆ ಬಿಡಬೇಕು. ಶೌಚ, ಸ್ನಾನ ಮತ್ತು ಅಲ್ಪಾಹಾರಕ್ಕೆ 50 ನಿಮಿಷ ಬೇಕಾದಲ್ಲಿ 4 ಗಂಟೆ 45 ನಿಮಿಷಕ್ಕೆ ಏಳಬೇಕು. ಅಂದರೆ ರಾತ್ರಿ 9 ಗಂಟೆ 45 ನಿಮಿಷಕ್ಕೆ ನಿದ್ರೆ ಹತ್ತಿರಬೇಕು. ಸಂಜೆಯ ರೈಲಿನಲ್ಲಿ ಹಿಂತಿರುಗಿ ರಾತ್ರಿ 9 ಗಂಟೆಗೆ ಮನೆ ಸೇರುವವರಿಗೆ ಊಟಕ್ಕೂ ಮಕ್ಕಳೊಡನೆ ಮಾತಿಗೂ ಉಳಿಯುವುದು ಮುಕ್ಕಾಲು ಗಂಟೆ ಮಾತ್ರ.

ಈ ಲೆಕ್ಕವು ಅನೇಕರಿಗೆ ಹೊಂದುವುದಿಲ್ಲವೆಂಬುದು ವಾಸ್ತವ. ಹೊಂದದಿದ್ದಲ್ಲಿ ಕಡಿತಗೊಳಿಸಬೇಕಾದದ್ದು ನಿದ್ರೆಯನ್ನಲ್ಲ, ಬೆಳಗಿನ ಕೆಲಸಗಳನ್ನು. ಬಟ್ಟೆ, ಚೀಟಿ, ಗುರುತಿನ ಪತ್ರ, ಮಾಸಿಕ ಪಾಸು ಇವುಗಳನ್ನು ರಾತ್ರಿಯೇ ಒಂದೆಡೆ ಇಡುವುದು, ತರಕಾರಿ ಹೆಚ್ಚಿಡುವುದು, ನೀರು ತುಂಬಿಡುವುದು ಇತ್ಯಾದಿಗಳಿಂದ ಬೆಳಿಗ್ಗೆ 15ರಿಂದ 20 ನಿಮಿಷ ಉಳಿಯುತ್ತದೆ. ಮಲಗುವ ಹೊತ್ತಿನಲ್ಲಿ ಮೊಬೈಲ್ ನೋಡುವುದನ್ನು ಬಿಟ್ಟರೆ ಬಹುಪಾಲು ಜನರಿಗೆ ಇದಕ್ಕಿಂತ ಹೆಚ್ಚು ಸಮಯ ದೊರೆಯುತ್ತದೆ. ರೈಲಿನಲ್ಲಿ ಆಸನ ದೊರೆತಾಗ ತೆಗೆಯುವ 20–30 ನಿಮಿಷಗಳ ನಿದ್ರೆಯು ಆಯಾಸವನ್ನು ತಗ್ಗಿಸುತ್ತದೆಯಾದರೂ ರಾತ್ರಿಯ ನಿದ್ರೆಗೆ ಬದಲಿಯಾಗಲಾರದು. ರಜಾ ದಿನಗಳಲ್ಲಿ ಮಧ್ಯಾಹ್ನದವರೆಗೆ ಮಲಗುವುದರಿಂದ ಆ ರಾತ್ರಿ ನಿದ್ರೆ ಬಾರದೆ ಸೋಮವಾರದ ಬೆಳಗು ಮತ್ತಷ್ಟು ಕಷ್ಟಕರವಾಗುತ್ತದೆ. ಎಂದಿಗಿಂತ ಒಂದು ಗಂಟೆ ತಡವಾಗಿ ಏಳುವುದು ಸೂಕ್ತ.

ಮೇಲ್ಕಂಡ ಲೆಕ್ಕದಲ್ಲಿ ಮೊದಲು ಏಳುವ ವ್ಯಕ್ತಿಯನ್ನು ಸೇರಿಸಿರುವುದಿಲ್ಲ. ಬುತ್ತಿ ಕಟ್ಟುವ ಸಲುವಾಗಿ ಮನೆಯ ಗೃಹಿಣಿಯು 4 ಗಂಟೆಗೇ ಏಳುತ್ತಾರೆ. ಅವರೇ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗೋ ಮನೆಗೆಲಸಕ್ಕೋ ಹೋಗುವವರಾಗಿದ್ದಲ್ಲಿ ಅವರ ನಿದ್ರೆಯು 5 ಗಂಟೆಗಿಂತಲೂ ಕಡಿಮೆಯಾಗುವ ಸಂಭವವುಂಟು. ನಲ್ಲಿಯಲ್ಲಿ ಪ್ರತಿದಿನ ನೀರು ಬಾರದ ಬಡಾವಣೆಗಳಲ್ಲಿ ನೀರು ಹಿಡಿಯುವ ಕೆಲಸವೂ ಇವರ ಪಾಲಿಗೇ ಬರುತ್ತದೆ. ಕುಟುಂಬದ ದಿನಚರಿಯನ್ನು ನಿಗದಿಪಡಿಸುವಾಗ ಈ ಕೆಲಸಗಳನ್ನು ಸದಸ್ಯರೆಲ್ಲರ ನಡುವೆ ಹಂಚಿಕೊಳ್ಳತಕ್ಕದ್ದು. ಇದನ್ನು ಬಿಟ್ಟು ಮಾಡುವ ಯಾವುದೇ ದಿನಚರಿಯು ಒಬ್ಬರ ಆರೋಗ್ಯವನ್ನು ಮತ್ತೊಬ್ಬರ ನಿದ್ರೆಯಿಂದ ಕೊಂಡಂತಾಗುತ್ತದೆ.

ನೀರು ಮತ್ತು ಆಹಾರ

ಎದ್ದ ಕೂಡಲೇ ಒಂದೆರಡು ಲೋಟ ನೀರು ಕುಡಿಯುವುದು ಒಳ್ಳೆಯ ಅಭ್ಯಾಸ. ಆದರೆ ಕೋಲಾರ ಜಿಲ್ಲೆಯ ಅನೇಕ ಕಡೆಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿದ್ದು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದಲ್ಲಿ ಹಲ್ಲು ಮತ್ತು ಮೂಳೆಗಳಿಗೆ ಹಾನಿಯುಂಟಾಗುತ್ತದೆ. ನೀರನ್ನು ಕುದಿಸಿದರೆ ಈ ದೋಷ ನಿವಾರಣೆಯಾಗುವುದೆಂಬ ನಂಬಿಕೆ ಸರಿಯಲ್ಲ. ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆ. ಫ್ಲೋರೈಡ್ ಹಾಗೆಯೇ ಉಳಿಯುತ್ತದೆ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯಲು ಮತ್ತು ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಿ, ಕೊಳವೆ ಬಾವಿಯ ನೀರನ್ನು ಇತರೆ ಕೆಲಸಗಳಿಗೆ ಮೀಸಲಿಡಬಹುದು. ದಾರಿಯಲ್ಲಿ ಶೌಚಾಲಯದ ಅನಾನುಕೂಲವಾಗುವುದೆಂದು ಮಹಿಳಾ ಪ್ರಯಾಣಿಕರು ನೀರನ್ನೇ ಕುಡಿಯದಿರುವುದು ಮೂತ್ರಕೋಶದ ಸೋಂಕಿಗೆ ದಾರಿಯಾಗುತ್ತದೆ. ಎದ್ದ ತಕ್ಷಣ ನೀರು ಕುಡಿದು, ಮನೆ ಬಿಡುವ ಮುನ್ನ ಮೂತ್ರ ವಿಸರ್ಜಿಸಿ, ಕೆಲಸದ ಸ್ಥಳ ತಲುಪಿದ ಮೇಲೆ ಮತ್ತೆ ನೀರು ಕುಡಿಯುವ ಕ್ರಮವನ್ನು ಅನುಸರಿಸಬಹುದು.

ಬರಿಹೊಟ್ಟೆಯಲ್ಲಿ ಕಾಫಿ ಅಥವಾ ಚಹಾ ಕುಡಿದು ಹೊರಟು, ಬೆಂಗಳೂರಿನಲ್ಲಿ ಇಳಿದ ಬಳಿಕ ಎಣ್ಣೆಯಲ್ಲಿ ಕರಿದ ತಿಂಡಿ ತಿನ್ನುವುದು ಸಾಮಾನ್ಯವಾಗಿದೆ. ಇದಕ್ಕೆ ಬದಲಾಗಿ ಈ ಭಾಗದ ರಾಗಿಯೇ ಒಳ್ಳೆಯ ಉಪಾಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಾತ್ರಿ ಮಾಡಿಟ್ಟ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯಲು ಐದು ನಿಮಿಷ ಸಾಕು. ಮಧುಮೇಹಿಗಳಲ್ಲಿ ಅಂಬಲಿಯು ಬೇಗನೆ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸಬಹುದಾದ್ದರಿಂದ ಅವರು ಮಿತವಾಗಿ ಕುಡಿದು, ಬೇಯಿಸಿದ ಕಾಳು ಅಥವಾ ಮೊಟ್ಟೆಯನ್ನು ಜೊತೆಗೆ ಸೇವಿಸುವುದು ಮೇಲು. ರಕ್ತಹೀನತೆಗಾಗಿ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು ಅದರೊಂದಿಗೆ ಕಾಫಿ, ಚಹಾ ಕುಡಿಯಬಾರದು.

ಇನ್ಸುಲಿನ್ ಪಡೆಯುತ್ತಿರುವವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಆತುರದಲ್ಲಿ ಮನೆಯಲ್ಲಿ ಚುಚ್ಚುಮದ್ದು ತೆಗೆದುಕೊಂಡು, ತಿಂಡಿಯನ್ನು ರೈಲಿನಲ್ಲಿ ತಿನ್ನೋಣವೆಂದು ಹೊರಡುವುದು ಅಪಾಯಕಾರಿ. ಜನಸಂದಣಿಯಲ್ಲಿ ಡಬ್ಬಿ ತೆರೆಯಲು ಅವಕಾಶವಾಗದೆ ಸಕ್ಕರೆಯ ಪ್ರಮಾಣ ಕುಸಿದಲ್ಲಿ ಬೆವರು, ನಡುಕ, ತಲೆಸುತ್ತು ಕಾಣಿಸಿಕೊಂಡು ಪ್ರಜ್ಞೆ ತಪ್ಪಬಹುದು. ಚುಚ್ಚುಮದ್ದು ಮತ್ತು ಆಹಾರದ ನಡುವಿನ ಅಂತರವನ್ನು ವೈದ್ಯರಿಂದ ತಿಳಿದುಕೊಳ್ಳತಕ್ಕದ್ದು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಂಡಿರತಕ್ಕದ್ದು.

ನಡಿಗೆ ಮತ್ತು ಧೂಳು

ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ನಿಲ್ದಾಣಕ್ಕೆ ಹೋಗುವಾಗ 15 ನಿಮಿಷ, ಬರುವಾಗ 15 ನಿಮಿಷ ಬಿರುಸಾಗಿ ನಡೆಯುವವರು ವಾರದ ಆರು ದಿನಗಳಲ್ಲಿ 180 ನಿಮಿಷ ಪೂರೈಸಿರುತ್ತಾರೆ. ಇಂಥವರು ವಾಯುವಿಹಾರಕ್ಕೆಂದು ಇನ್ನೂ ಅರ್ಧ ಗಂಟೆ ಮುಂಚೆ ಏಳಬೇಕಾಗಿಲ್ಲ. ಆದರೆ ಹೊರಟ ರೈಲನ್ನು ಓಡಿ ಹತ್ತುವುದು ವ್ಯಾಯಾಮವಲ್ಲ. ಮೇಲೆ ಸೂಚಿಸಿದ 10 ನಿಮಿಷಗಳ ಬಿಡುವನ್ನು ಯಾವ ಕಾರಣಕ್ಕೂ ಕೈಬಿಡಬಾರದು.

ಮನೆಯಲ್ಲಿಯೇ ಇರುವ ಹಿರಿಯರಿಗೆ ಬೆಳಗಿನ ನಡಿಗೆ ಅಗತ್ಯ. ಗಣಿಯ ತ್ಯಾಜ್ಯದಿಂದ ಉಂಟಾದ, ಜನರು ಸೈನೈಡ್ ದಿಬ್ಬಗಳೆಂದು ಕರೆಯುವ ಗುಡ್ಡೆಗಳಿಂದ ಗಾಳಿಯ ದಿನಗಳಲ್ಲಿ ನುಣುಪಾದ ಧೂಳು ಏಳುವುದರಿಂದ ಅವುಗಳ ಬದಿಯ ದಾರಿಯನ್ನು ಬಿಟ್ಟು ಬೇರೆಡೆ ನಡೆಯುವುದು ಒಳಿತು. ಗಣಿಯೊಳಗೆ ದುಡಿದವರಲ್ಲಿ ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆಯು ಕೆಲಸ ಬಿಟ್ಟು ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು ಮತ್ತು ಅಂಥವರಿಗೆ ಕ್ಷಯರೋಗ ತಗಲುವ ಸಾಧ್ಯತೆ ಹೆಚ್ಚು. ಡಿಸೆಂಬರ್, ಜನವರಿ ತಿಂಗಳುಗಳ ಚಳಿಯಲ್ಲಿ ಇವರು ಬಿಸಿಲೇರಿದ ನಂತರ ಹೊರಡುವುದು ಸೂಕ್ತ. ಎದ್ದೊಡನೆ ಬೀಡಿ ಸೇದುವ ಅಭ್ಯಾಸವಿದ್ದಲ್ಲಿ ದಿನಚರಿಗೆ ಹೊಸದಾಗಿ ಏನನ್ನಾದರೂ ಸೇರಿಸುವ ಮುನ್ನ ಅದನ್ನು ತೆಗೆದುಹಾಕುವುದೇ ಮೊದಲ ಕಾರ್ಯ.

ತಪಾಸಣೆ

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ. ಎರಡು ವಾರಗಳಿಗೂ ಮೀರಿ ಕೆಮ್ಮು ಇರುವವರು ತಡಮಾಡದೆ ಕಫ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು, ಇದಕ್ಕೂ ಶುಲ್ಕವಿರುವುದಿಲ್ಲ. ಮಾಜಿ ಗಣಿ ಕಾರ್ಮಿಕರು ತಾವು ಯಾವ ಗಣಿಯಲ್ಲಿ ಎಷ್ಟು ವರ್ಷ, ಯಾವ ಕೆಲಸ ಮಾಡಿದ್ದರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ವಾರದ ದಿನಗಳಲ್ಲಿ ಬೆಂಗಳೂರಿಗೆ ಹೋಗುವವರು ತಮ್ಮ ವಾರದ ರಜೆಯ ದಿನ ಕೇಂದ್ರವು ತೆರೆದಿರುವ ವೇಳೆಯನ್ನು ಆಶಾ ಕಾರ್ಯಕರ್ತೆಯರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಅನುಕೂಲ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ಹಿಂದಿನ ಚೀಟಿಯನ್ನು ಜೊತೆಗೆ ತರುವುದು.