ನೀರಿದ್ದೂ ತೊಗರಿ ಬಾಡುವುದೇಕೆ?

ಜೋರು ಮಳೆಯಾದ ಮೇಲೆ ಹೊಲದಲ್ಲಿ ನೀರು ನಿಂತು, ತೊಗರಿ ಎಲೆ ಹಳದಿಯಾಗಿ ಬಾಡುವುದನ್ನು ಅಕ್ಕಲಕೋಟೆ, ಜತ್ತ ಕಡೆಯ ಪಾಲಕರು ನೋಡಿಯೇ ಇರುತ್ತೀರಿ. ಕಾರಣವನ್ನು ಮಕ್ಕಳು ಕೇಳಿದರೆ ಹೀಗೆ ಹೇಳಿ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ಸಂದಿಯಲ್ಲಿ ಆ ಗಾಳಿ ಇರುತ್ತದೆ. ಎರೆ ಮಣ್ಣಿನಲ್ಲಿ ಜೇಡಿ ಹೆಚ್ಚು. ನೆನೆದಾಗ ಅದು ಉಬ್ಬಿ ಸಂದಿಗಳು ಮುಚ್ಚುತ್ತವೆ. ನೀರು ಬಸಿಯದೆ ಗಾಳಿಗೆ ಜಾಗವಿಲ್ಲದಂತಾಗುತ್ತದೆ. ಉಸಿರುಗಟ್ಟಿದ ಬೇರು ನೀರನ್ನೂ ಹೀರಲಾರದು, ಕೊನೆಗೆ ಕೊಳೆಯುತ್ತದೆ. ಅದಕ್ಕೇ ಏರುಮಡಿಯಲ್ಲಿ ಬಿತ್ತಿ, ಇಳಿಜಾರಿನತ್ತ ಬಸಿಗಾಲುವೆ ತೆಗೆಯಬೇಕು.

ಹಾಗೆಂದು ಎರೆ ಕೆಟ್ಟದ್ದಲ್ಲ. ಮಳೆ ನಿಂತ ಮೇಲೂ ಅದು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ತೆನೆಗಟ್ಟುತ್ತದೆ. ಮಡಕಶಿರಾದ ಕೆಂಪು ಮಣ್ಣು ಇದಕ್ಕೆ ವಿರುದ್ಧ: ನೀರು ಬೇಗ ಬಸಿಯುತ್ತದೆ, ಸಡಿಲ ಮಣ್ಣಿನಲ್ಲಿ ಶೇಂಗಾ ಸಲೀಸಾಗಿ ಕಾಯಿ ಕಟ್ಟುತ್ತದೆ, ಆದರೆ ಮಳೆ ತಡವಾದರೆ ಬೇಗ ಒಣಗುತ್ತದೆ.

ಈ ಭಾನುವಾರ ಮಕ್ಕಳೊಂದಿಗೆ ಮಾಡಿ ನೋಡಿ. ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ. ಒಂದಕ್ಕೆ ಎರೆ ಮಣ್ಣು, ಇನ್ನೊಂದಕ್ಕೆ ಹಳ್ಳದ ದಂಡೆಯ ಮರಳು ಮಣ್ಣು ತುಂಬಿ. ಎರಡನ್ನೂ ಚೆನ್ನಾಗಿ ನೆನೆಸಿ, ಬಳಿಕ ಒಂದೊಂದು ಲೋಟ ನೀರು ಹಾಕಿ. ಯಾವುದರಿಂದ ಎಷ್ಟು ಹೊತ್ತಿಗೆ ನೀರು ಇಳಿಯಿತೆಂದು ಮಕ್ಕಳೇ ಬರೆದಿಡಲಿ.

ಪಾಠದ ‘ಕಪ್ಪು ಮಣ್ಣು’ ನಿಮ್ಮ ಮನೆಮಾತಿನ ‘ಎರೆ’ಯೇ ಎಂದು ಹೇಳಲು ಮರೆಯಬೇಡಿ. ಪುಸ್ತಕದ ಮಾತು ಹೊಲದಲ್ಲಿ ಸಿಕ್ಕರೆ ಮಗು ಅದನ್ನು ಮರೆಯುವುದಿಲ್ಲ.