ತೋಟೆ ಹಾರದಿದ್ದಾಗ: ಪೆಟ್ಟಿನ ಶಕ್ತಿ ಎಲ್ಲಿ ಸೋರಿತು?

ಟ್ರಿಗರ್ ಒತ್ತಿದಾಗ ‘ಢಂ’ ಎನ್ನಬೇಕಾದ ರೈಫಲು ಬರೀ ‘ಟಿಕ್’ ಎಂದರೆ ಮೊದಲು ಮಾಡಬೇಕಾದದ್ದು ಒಂದೇ: ನಳಿಗೆಯನ್ನು ಗುರಿಯ ದಿಕ್ಕಿನಿಂದ ಕದಲಿಸದೆ ಕನಿಷ್ಠ 30 ಸೆಕೆಂಡು ಕಾಯುವುದು. ಒಳಗಿನ ಮದ್ದು ತಡವಾಗಿ ಹೊತ್ತಿಕೊಂಡು ಗುಂಡು ಹಾರುವ ಸಂಭವ ಇದ್ದೇ ಇರುತ್ತದೆ. ಆ ಅವಧಿ ಕಳೆದ ಮೇಲೆ ತೋಟೆಯನ್ನು ಹೊರತೆಗೆದು ಕಾರಣ ಹುಡುಕಬಹುದು.

ಈ ಹುಡುಕಾಟ ಹೆಚ್ಚಾಗಿ ನಡೆಯುವುದು ಅಮೆರಿಕದಲ್ಲಿ. ಅಲ್ಲಿ ಬೇಟೆಗಾರರೂ ಗುರಿಕಾರರೂ ಹಾರಿಸಿದ ಹಿತ್ತಾಳೆ ಕೊಳವೆಗಳನ್ನು ಆಯ್ದಿಟ್ಟುಕೊಂಡು, ಅಚ್ಚಿನಲ್ಲಿ ಒತ್ತಿ ಅಳತೆಗೆ ತಂದು, ಮದ್ದಿಗೆ ಬೆಂಕಿ ಹೊತ್ತಿಸುವ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಖರ್ಚು ಉಳಿಯುತ್ತದೆ, ತಮ್ಮ ರೈಫಲಿಗೆ ಹೊಂದುವ ತೋಟೆಯೂ ಸಿಗುತ್ತದೆ. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಆದರೆ ಈ ಸಮಸ್ಯೆಯ ಹಿಂದಿನ ವಿಜ್ಞಾನ ಯಾರಿಗಾದರೂ ಕುತೂಹಲ ಹುಟ್ಟಿಸುವಂಥದ್ದು.

ಪೆಟ್ಟು ಬಿದ್ದೊಡನೆ ಸಿಡಿಯುವ ಪಾದರಸದ ಫಲ್ಮಿನೇಟನ್ನು ಇಂಗ್ಲೆಂಡಿನ ಎಡ್ವರ್ಡ್ ಹೊವಾರ್ಡ್ 1800ರಲ್ಲಿ ವರದಿ ಮಾಡಿದರು. ಆಗಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಬೇಕಿತ್ತು. ಆ ಬೆಳಕು ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದವು. ಇದಕ್ಕೆ ಪರಿಹಾರ ಹುಡುಕಿದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್. ಪೆಟ್ಟಿನಿಂದಲೇ ಬೆಂಕಿ ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಅವರು ಪೇಟೆಂಟ್ ಪಡೆದರು. ಅದರ ಮುಂದಿನ ರೂಪವೇ ನಮ್ಮ ಮಲೆನಾಡಿನವರಿಗೆ ಪರಿಚಿತವಾದ ಕೇಪಿನ ಕೋವಿ. ಆ ಕೇಪನ್ನೇ ಹಿತ್ತಾಳೆ ಕೊಳವೆಯ ಬುಡದಲ್ಲಿ ಹುದುಗಿಸಿದಾಗ ಇಂದಿನ ಪ್ರೈಮರ್ ಆಯಿತು.

ಪ್ರೈಮರ್ ಎಂದರೆ ಪುಟ್ಟ ಲೋಹದ ಬಟ್ಟಲು. ದೊಡ್ಡ ರೈಫಲ್ ಪ್ರೈಮರಿನ ಅಗಲ ಸುಮಾರು 5.3 ಮಿಲಿಮೀಟರ್. ಬಟ್ಟಲಿನ ತಳದಲ್ಲಿ ಸಿಡಿಯುವ ಮಿಶ್ರಣದ ತೆಳು ಬಿಲ್ಲೆ, ಅದರ ಮೇಲೆ ಕಾಲುಗಳಿರುವ ಪುಟ್ಟ ಅಡಿಗಲ್ಲು. ರೈಫಲಿನ ಮೊಳೆ (ಫೈರಿಂಗ್ ಪಿನ್) ಹೊರಗಿನಿಂದ ಹೊಡೆದಾಗ ಬಟ್ಟಲು ಒಳಕ್ಕೆ ತಗ್ಗುತ್ತದೆ. ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಬಿಲ್ಲೆ ಜಜ್ಜಿಹೋಗುತ್ತದೆ. ಮಿಶ್ರಣದಲ್ಲಿರುವ ಸೀಸದ ಸ್ಟಿಫ್ನೇಟ್ ಆಗ ಸಿಡಿದು, ಬಿಸಿ ಅನಿಲ ಮತ್ತು ಕಾದ ಕಣಗಳು ಸಣ್ಣ ತೂತಿನ ಮೂಲಕ ಮದ್ದಿಗೆ ನುಗ್ಗುತ್ತವೆ. ಅಡಿಗಲ್ಲು ಪ್ರೈಮರಿನೊಳಗೇ ಇರುವ ಈ ವಿನ್ಯಾಸ ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ಅವರದು. ಇದರಲ್ಲಿ ಕೊಳವೆಯ ಬುಡಕ್ಕೆ ನಡುಮಧ್ಯದಲ್ಲಿ ಒಂದೇ ತೂತು ಸಾಕು. ಅದರೊಳಗೆ ಕಡ್ಡಿ ತೂರಿಸಿ ಹಳೆಯ ಪ್ರೈಮರನ್ನು ಸುಲಭವಾಗಿ ತಳ್ಳಬಹುದು. ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೆಳೆಯಲು ಈ ಸೌಕರ್ಯವೂ ಕಾರಣ.

ಪ್ರೈಮರ್ ತಯಾರಕರ ಮುಂದೆ ಎರಡು ಅಪಾಯಗಳಿರುತ್ತವೆ. ತೀರಾ ಸೂಕ್ಷ್ಮವಾದರೆ ಕೆಳಗೆ ಬಿದ್ದ ತೋಟೆಯೂ ಸಿಡಿದೀತು. ತೀರಾ ಒರಟಾದರೆ ಮೊಳೆಯ ಪೆಟ್ಟಿಗೂ ಜಗ್ಗದು. ಹೀಗಾಗಿ ಬೇರೆ ಬೇರೆ ಎತ್ತರದಿಂದ ಉಕ್ಕಿನ ಗೋಲಿ ಬೀಳಿಸಿ, ಎಷ್ಟು ಎತ್ತರದಲ್ಲಿ ಎಲ್ಲವೂ ಸಿಡಿಯುತ್ತವೆ, ಎಷ್ಟರಲ್ಲಿ ಒಂದೂ ಸಿಡಿಯುವುದಿಲ್ಲ ಎಂದು ಲೆಕ್ಕ ಹಾಕುತ್ತಾರೆ. ರೈಫಲಿನ ಮೊಳೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಶಕ್ತಿಯಿಂದ ಹೊಡೆಯುವಂತೆ ಯಂತ್ರ ರಚಿಸಲಾಗುತ್ತದೆ. ತೋಟೆ ಹಾರಲಿಲ್ಲವೆಂದರೆ ಬಹುಪಾಲು ಪ್ರಸಂಗಗಳಲ್ಲಿ ಆ ಹೆಚ್ಚುವರಿ ಶಕ್ತಿಯನ್ನು ಯಾವುದೋ ತಿಂದುಹಾಕಿದೆ ಎಂದರ್ಥ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಶಕ್ತಿ ಎಲ್ಲಿ ಸೋರಿತು?

ಮೊದಲ ಸಂಶಯ, ಪ್ರೈಮರ್ ಪೂರ್ತಿ ಕೂತಿಲ್ಲ ಎಂಬುದು. ಅಡಿಗಲ್ಲಿನ ಕಾಲುಗಳು ಪ್ರೈಮರ್ ಕೂರುವ ಗುಳಿಯ ತಳ ಮುಟ್ಟಿರಬೇಕು. ಮುಟ್ಟದಿದ್ದರೆ, ಹಿಂದೆ ಆಸರೆಯಿಲ್ಲದ ಹಲಗೆಗೆ ಮೊಳೆ ಹೊಡೆದಂತೆ, ಪೆಟ್ಟು ಪ್ರೈಮರನ್ನು ಒಳಗೆ ದೂಡುವುದರಲ್ಲೇ ಮುಗಿಯುತ್ತದೆ. ಇಂಥ ತೋಟೆ ಸಾಮಾನ್ಯವಾಗಿ ಎರಡನೆಯ ಪೆಟ್ಟಿಗೆ ಹಾರುತ್ತದೆ. ಅದೇ ಇದರ ಗುರುತು. ಗುಳಿಯಲ್ಲಿ ಉಳಿದ ಮಸಿ, ಸೇನೆಯ ಕೊಳವೆಗಳಲ್ಲಿ ಪ್ರೈಮರ್ ಬೀಳದಂತೆ ಅಂಚು ಮಡಿಸಿರುವುದು, ಕೂರಿಸುವಾಗ ಕೈ ಸಡಿಲವಾದದ್ದು ಇದಕ್ಕೆ ಕಾರಣಗಳು. ಕೂರಿಸಿದ ಪ್ರೈಮರ್ ಕೊಳವೆಯ ಬುಡಕ್ಕಿಂತ ಸುಮಾರು 0.1 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಬೆರಳು ಸವರಿದರೆ ಉಬ್ಬು ಗೊತ್ತಾಗುತ್ತದೆ. ಆದರೆ ಮದ್ದು ತುಂಬಿದ ತೋಟೆಯಲ್ಲಿ ಉಬ್ಬಿದ ಪ್ರೈಮರನ್ನು ಒತ್ತಿ ಸರಿಮಾಡಲು ಎಂದೂ ಹೋಗಬಾರದು.

ಎರಡನೆಯ ಸಂಶಯ ಹೆಚ್ಚು ಸೂಕ್ಷ್ಮವಾದದ್ದು. .308 ವಿಂಚೆಸ್ಟರ್‌ನಂಥ ತೋಟೆಗಳು ನಳಿಗೆಯ ಬುಡದ ಕೋಣೆಯಲ್ಲಿ ನಿಲ್ಲುವುದು ತಮ್ಮ ಹೆಗಲಿನ ಮೇಲೆ, ಅಂದರೆ ಕೊಳವೆ ಕಿರಿದಾಗುವ ಇಳಿಜಾರಿನ ಮೇಲೆ. ಅಚ್ಚನ್ನು ಅತಿಯಾಗಿ ಕೆಳಗಿಳಿಸಿ ಒತ್ತಿದರೆ ಹೆಗಲು ಹಿಂದೆ ಸರಿದು, ಕೊಳವೆ ಕೋಣೆಗಿಂತ ಗಿಡ್ಡವಾಗುತ್ತದೆ. ಆಗ ಮೊಳೆ ಬಡಿದೊಡನೆ ಇಡೀ ತೋಟೆ ಮುಂದಕ್ಕೆ ಜಾರಿ, ಪೆಟ್ಟಿನ ಬಿರುಸು ತಗ್ಗುತ್ತದೆ. ಇದು ‘ಟಿಕ್’ ಸದ್ದಿಗಷ್ಟೇ ನಿಲ್ಲುವುದಿಲ್ಲ. ಹಾರಿದ ತೋಟೆಗಳ ಹಿತ್ತಾಳೆ ಬುಡದ ಬಳಿ ಎಳೆದೆಳೆದು ತೆಳುವಾಗಿ ಕೊನೆಗೆ ತುಂಡಾಗಬಹುದು. ಬೋಲ್ಟ್ ರೈಫಲಿನ ತೋಟೆಗೆ ಅಚ್ಚಿನಲ್ಲಿ ಹೆಗಲನ್ನು 0.05 ಮಿಲಿಮೀಟರಿನಷ್ಟು ಮಾತ್ರ ಹಿಂದೆ ಸರಿಸಿದರೆ ಸಾಕು. ಅದನ್ನು ಅಳೆಯಲು ಮಾಪಕಗಳಿವೆ. ಕಣ್ಣಂದಾಜು ಇಲ್ಲಿ ಸಾಲದು.

ಮೂರನೆಯದು ರೈಫಲೇ. ಮೊಳೆಯನ್ನು ಹೊತ್ತ ಬೋಲ್ಟಿನೊಳಗೆ ಗಟ್ಟಿಯಾದ ಗ್ರೀಸು, ಅದರಲ್ಲೂ ಚಳಿಯಲ್ಲಿ, ಮೊಳೆಯ ವೇಗ ತಗ್ಗಿಸುತ್ತದೆ. ಸ್ಪ್ರಿಂಗ್ ಸೋತಿರಬಹುದು, ಮೊಳೆಯ ತುದಿ ಸವೆದಿರಬಹುದು. ಆಗ ಪ್ರೈಮರಿನ ಮೇಲಿನ ತಗ್ಗು ಆಳವಿರುವುದಿಲ್ಲ. ತಗ್ಗು ಚೆನ್ನಾಗಿ ಬಿದ್ದೂ ಸಿಡಿಯದಿದ್ದರೆ ಮಾತ್ರ ಪ್ರೈಮರಿನ ಒಳಗಿನ ದೋಷವನ್ನು ನೋಡಬೇಕು: ಕೂರಿಸುವಾಗ ಬಿಲ್ಲೆ ಬಿರುಕು ಬಿಟ್ಟಿತೇ, ಎಣ್ಣೆ ಸೇರಿತೇ, ಅಡಿಗಲ್ಲೇ ಇಲ್ಲವೇ?

ಇವನ್ನು ಬೇರ್ಪಡಿಸುವ ದಾರಿ ಪ್ರಯೋಗಶಾಲೆಯದೇ: ಒಮ್ಮೆಗೆ ಒಂದನ್ನೇ ಬದಲಿಸುವುದು. ಅದೇ ರೈಫಲಿನಲ್ಲಿ ಕಾರ್ಖಾನೆಯ ತೋಟೆಗಳು ತಪ್ಪದೆ ಹಾರಿದರೆ ದೋಷವಿರುವುದು ಬಹುಶಃ ಕೈಯಿಂದ ತುಂಬಿದ್ದರಲ್ಲಿ. ಅವೂ ಕೈಕೊಟ್ಟರೆ ರೈಫಲನ್ನು ಬಿಚ್ಚಿ ನೋಡಬೇಕು. ಬರೀ ಪ್ರೈಮರ್ ಕೂರಿಸಿದ ಖಾಲಿ ಕೊಳವೆಗಳನ್ನು ಪರೀಕ್ಷಿಸಿದರೆ ಮದ್ದಿನ ಪಾತ್ರವೂ ಬೇರೆಯಾಗುತ್ತದೆ.

‘ಟಿಕ್’ ಬದಲು ‘ಪಟ್’ ಎಂಬ ಸಣ್ಣ ಸದ್ದು ಕೇಳಿದರೆ ವಿಷಯ ಬೇರೆ. ಪ್ರೈಮರ್ ಸಿಡಿದಿದೆ, ಮದ್ದು ಹೊತ್ತಿಲ್ಲ ಅಥವಾ ತುಂಬಿಯೇ ಇಲ್ಲ. ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡಿರಬಹುದು. ನಳಿಗೆ ಖಾಲಿಯೆಂದು ಖಚಿತಪಡಿಸಿಕೊಳ್ಳದೆ ಇನ್ನೊಂದು ತೋಟೆ ಹಾರಿಸಿದರೆ ನಳಿಗೆ ಒಡೆಯಬಹುದು, ಹಾರಿಸಿದವರ ಜೀವಕ್ಕೇ ಅಪಾಯ.

ಹಾರದ ತೋಟೆ ಕಂಡಾಗ ಹಲವರು ಮೊದಲು ದೂರುವುದು ಪ್ರೈಮರ್ ತಯಾರಿಸಿದ ಕಂಪನಿಯನ್ನು. ಹೊಸ ಡಬ್ಬಿ ಕೊಳ್ಳುವ ಮೊದಲು ಗುಳಿಯ ಆಳ, ಹೆಗಲಿನ ಅಳತೆ, ಮೊಳೆಯ ಗುರುತು, ಎರಡನೆಯ ಪೆಟ್ಟಿಗೆ ಹಾರಿತೋ ಇಲ್ಲವೋ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಹಿಂದೆ ಸರಿದ ಹೆಗಲೋ ಸೋತ ಸ್ಪ್ರಿಂಗೋ ಹಾಗೇ ಉಳಿದಿದ್ದರೆ, ಹೊಸ ಪ್ರೈಮರ್ ಅದನ್ನು ಕೆಲಕಾಲ ಮರೆಮಾಡೀತೇ ಹೊರತು ಸರಿಪಡಿಸದು.